ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಸಮಯ ಮಾತ್ರ ಒಂದೊಂದು ಕಡೆ ಒಂದೊಂದು ಯಾಕೆ?

ವಿದ್ಯಾನಗರ, ದಾವಣಗೆರೆ

ಅಕ್ಕ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಇದ್ದಾಳೆ. ಜೂನ್‌ನಲ್ಲಿ ಹೆರಿಗೆ. ಅಪ್ಪ ಅಮ್ಮನನ್ನ ಮೇ ತಿಂಗಳಲ್ಲಿ ಕಳಿಸಬೇಕು. ಇಬ್ಬರಿಗೂ ಅರವತ್ತು ದಾಟಿದೆ, ಇಬ್ಬರಿಗೂ ಇದು ಮೊದಲ ವಿಮಾನ. ಅಮ್ಮನಿಗೆ ಮಂಡಿನೋವು, ಅಪ್ಪನಿಗೆ ಸಕ್ಕರೆ ಕಾಯಿಲೆ.

ಬೆಂಗಳೂರಿಂದ ಅಲ್ಲಿಗೆ ಎಷ್ಟು ದೂರ ಅಂತ ಹುಡುಕಿದರೆ 14,000 ಕಿಲೋಮೀಟರ್ ಹತ್ತಿರ ಅಂತ ಬರುತ್ತೆ. ವಿಮಾನ ಗಂಟೆಗೆ 900 ಕಿ.ಮೀ. ಹೋಗುತ್ತೆ ಅಂತಾರೆ. ಭಾಗಿಸಿದರೆ ಹದಿನೈದೂವರೆ ಗಂಟೆ. ಆದರೆ ಟಿಕೆಟ್ ನೋಡಿದರೆ ಒಂದು ಕಡೆ 22 ಗಂಟೆ, ಇನ್ನೊಂದು ಕಡೆ 24, ಮತ್ತೊಂದು 29. ಹೋಗೋದಕ್ಕೊಂದು ಲೆಕ್ಕ, ಬರೋದಕ್ಕೆ ಬೇರೆ ಲೆಕ್ಕ. ಯಾವ ದಾರಿ ವಯಸ್ಸಾದವರಿಗೆ ಹಗುರ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಗಣಿತ ಮೇಷ್ಟ್ರು, ಚಿತ್ರದುರ್ಗ

ದೂರದ ವಿಷಯ ಮೊದಲು ಇತ್ಯರ್ಥ ಮಾಡೋಣ. ಗೋಡೆಗೆ ಹಾಕಿದ ನಕಾಶೆ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಆ ನಕಾಶೆ ಉಂಡೆಯಾದ ಭೂಮಿಯನ್ನು ಚಪ್ಪಟೆ ಮಾಡಿದ್ದು, ಉತ್ತರಕ್ಕೆ ಹೋದಷ್ಟೂ ಅದರಲ್ಲಿ ನೆಲ ಹಿಗ್ಗುತ್ತದೆ. ಶಾಲೆಯಿಂದ ಒಂದು ಗ್ಲೋಬ್ ತಂದು, ಬೆಂಗಳೂರಿನ ಮೇಲೆ ದಾರದ ಒಂದು ತುದಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಸಾಗರದ ನಡುವೆ ಹೋಗುವುದಿಲ್ಲ. ನೇರ ಉತ್ತರಕ್ಕೆ ಏರಿ, ನೇಪಾಳ, ಟಿಬೆಟ್, ಮಂಗೋಲಿಯಾದ ಅಂಚು, ಸೈಬೀರಿಯಾ ದಾಟಿ, ಆರ್ಕ್ಟಿಕ್ ಕರಾವಳಿ ಮುಟ್ಟಿ, ಅಲಾಸ್ಕದ ಮೇಲೆ ಇಳಿದು ಬರುತ್ತದೆ. ಅದರ ತುತ್ತತುದಿ ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶ. ಇದಕ್ಕೆ ಮಹಾವೃತ್ತದ ದಾರಿ ಅನ್ನುತ್ತೇವೆ. ಭೂಮಿಯ ಮೇಲೆ ಎರಡು ಊರುಗಳ ನಡುವೆ ಇದಕ್ಕಿಂತ ಚಿಕ್ಕ ದಾರಿ ಇಲ್ಲ.

ಕೈಯಲ್ಲೇ ಲೆಕ್ಕ ಮಾಡಬಹುದು. ದೇವನಹಳ್ಳಿ ನಿಲ್ದಾಣ 13.20 ಉತ್ತರ, 77.71 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊ 37.62 ಉತ್ತರ, 122.38 ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮ ಆದ್ದರಿಂದ ರೇಖಾಂಶಗಳನ್ನು ಕೂಡಿದರೆ 200.09. ಇದು 180 ದಾಟಿದ್ದರಿಂದ 360ರಲ್ಲಿ ಕಳೆಯಿರಿ, 159.91. ಈಗ ಎರಡು ಅಕ್ಷಾಂಶಗಳ ಸೈನ್ ಗುಣಿಸಿದರೆ 0.1394. ಎರಡರ ಕೊಸೈನ್‌ಗಳನ್ನು ರೇಖಾಂಶ ಅಂತರದ ಕೊಸೈನ್ ಜೊತೆ ಗುಣಿಸಿದರೆ ಮೈನಸ್ 0.7243. ಕೂಡಿದರೆ ಮೈನಸ್ 0.5849. ಯಾವ ಕೋನದ ಕೊಸೈನ್ ಇದು? 125.8 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಅಂದರೆ 13,990 ಕಿ.ಮೀ. ಹತ್ತನೇ ತರಗತಿ ತ್ರಿಕೋನಮಿತಿ ಜೊತೆಗೆ ಒಂದು ಕ್ಯಾಲ್ಕ್ಯುಲೇಟರ್ ಇದ್ದರೆ ಸಾಕು. ಮಕ್ಕಳ ಕೈಲಿ ಮಾಡಿಸಿ, ಅವರ ಮುಖ ಅರಳುತ್ತದೆ.

ಇದೇ ಲೆಕ್ಕವನ್ನು ದಾವಣಗೆರೆಯಿಂದ ಮಾಡಿ ನೋಡಿದೆ. 14.46 ಉತ್ತರ, 75.92 ಪೂರ್ವ. ಬಂದದ್ದು ಸುಮಾರು 13,920 ಕಿ.ಮೀ. ನಿಮ್ಮ ತಂದೆತಾಯಿ ವಿಮಾನ ಹತ್ತಲು ಬೆಂಗಳೂರಿಗೆ ಹೋದಾಗ ಮಗಳಿಂದ ಸುಮಾರು 70 ಕಿ.ಮೀ. ದೂರವೇ ಹೋಗಿರುತ್ತಾರೆ.

ಕೋಟೆ ರಸ್ತೆ

ಮೇಷ್ಟ್ರೇ, ಲೆಕ್ಕ ಅರ್ಥ ಆಯ್ತು. ಆದರೆ ವಿಮಾನ ಎಲ್ಲಿದೆ ಅಂತ ತೋರಿಸೋ ಆಪ್‌ನಲ್ಲಿ ಹಿಂದೆ ನೇರ ವಿಮಾನ ನೋಡ್ತಿದ್ದೆ. ಅದು ಬಂಗಾಳ ಕೊಲ್ಲಿ ಕಡೆ ಹೋಗಿ, ಜಪಾನ್ ಹತ್ತಿರ ಪೆಸಿಫಿಕ್‌ಗೆ ಇಳೀತಿತ್ತು. ನೀವು ಹೇಳಿದ ಸೈಬೀರಿಯಾ ದಾರಿ ಬಿಟ್ಟು ಸುತ್ತು ಹಾಕಿ ಹೋಗೋದ್ಯಾಕೆ?

ಆಕಾಶದಾರಿ

ಈ ಪ್ರಶ್ನೆಗೇ ಕಾಯ್ತಿದ್ದೆ. ವಿಮಾನಗಳ ಬಗ್ಗೆ ಚಿಕ್ಕಂದಿನಿಂದ ಹುಚ್ಚು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೀತೀನಿ.

ಮೊದಲನೇದು ಟಿಬೆಟ್. ವಿಮಾನದೊಳಗೆ ಗಾಳಿಯ ಒತ್ತಡ ಕೆಟ್ಟರೆ ಪೈಲಟ್ ಕೂಡಲೇ 10,000 ಅಡಿಗೆ ಇಳಿಸಬೇಕು. ನಮ್ಮ ತಲೆ ಮೇಲೆ ಬೀಳೋ ಆಮ್ಲಜನಕದ ಮುಖವಾಡ ಕೆಲವೇ ನಿಮಿಷ ಬರುತ್ತೆ. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಎತ್ತರ, ಇಳಿಯೋದೆಲ್ಲಿಗೆ? ಅದಕ್ಕೇ ಆ ಭಾಗವನ್ನ ಬಿಟ್ಟು ಬಹುತೇಕ ವಿಮಾನಗಳು ಸುತ್ತು ಹಾಕಿ ಹೋಗ್ತವೆ.

ಎರಡನೇದು ಗಾಳಿ. ಇದೇ ದೊಡ್ಡ ವಿಷಯ. ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಅನ್ನೋ ಗಾಳಿಯ ಹೊಳೆ ಹರಿಯುತ್ತೆ. ಚಳಿಗಾಲದಲ್ಲಿ ಜಪಾನ್ ಸುತ್ತಮುತ್ತ ಅದು ಗಂಟೆಗೆ 300 ಕಿ.ಮೀ. ದಾಟೋದೂ ಉಂಟು. ಹರಿಹರದಲ್ಲಿ ತುಂಗಭದ್ರೆ ತುಂಬಿ ಹರಿಯುವಾಗ ತೆಪ್ಪ ಹೊಳೆಯ ಜೊತೆ ಹೋದರೆ ಹುಟ್ಟು ಹಾಕೋದೇ ಬೇಡ, ಎದುರಿಗೆ ಹೋದರೆ ತೋಳು ಸೋಲುತ್ತೆ. ವಿಮಾನಕ್ಕೂ ಅಷ್ಟೇ. 900 ಕಿ.ಮೀ. ಅನ್ನೋದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲದ ಮೇಲಿನ ವೇಗ ಅಲ್ಲ. 10,000 ಕಿ.ಮೀ. ದಾರಿಯಲ್ಲಿ ಬೆನ್ನಿಗೆ 100 ಕಿ.ಮೀ. ಗಾಳಿ ಸಿಕ್ಕರೆ ಹತ್ತು ಗಂಟೆ. ಅದೇ ಗಾಳಿ ಎದುರಾದರೆ ಹನ್ನೆರಡೂವರೆ. ಅದಕ್ಕೇ ಅಮೆರಿಕಕ್ಕೆ ಪೂರ್ವದ ಕಡೆಯಿಂದ ಹೋಗೋ ವಿಮಾನ ಕಿಲೋಮೀಟರ್ ಜಾಸ್ತಿಯಾದರೂ ಪೆಸಿಫಿಕ್ ಗಾಳಿ ಹಿಡಿಯುತ್ತೆ. ಬರುವಾಗ ಅದೇ ಗಾಳಿ ಎದುರು ಬರಬಾರದು ಅಂತ ಕೆಲವೊಮ್ಮೆ ಧ್ರುವದ ಕಡೆ ಹೋಗುತ್ತೆ. ಈ ದಾರಿಯನ್ನ ಪ್ರತಿದಿನ ಹವಾಮಾನ ನೋಡಿ ಹೊಸದಾಗಿ ಹಾಕ್ತಾರೆ.

2020ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್‌ನಲ್ಲಿ ಸಿಯಾರಾ ಬಿರುಗಾಳಿ ಎದ್ದಾಗ ನ್ಯೂಯಾರ್ಕಿನಿಂದ ಲಂಡನ್‌ಗೆ ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ 4 ಗಂಟೆ 56 ನಿಮಿಷಕ್ಕೆ ಮುಟ್ಟಿತು. ಆ ದೂರ ಸುಮಾರು 5,540 ಕಿ.ಮೀ. ಮಾಮೂಲಿ ದಿನ ಆರೂವರೆಯಿಂದ ಏಳು ಗಂಟೆ ಹಿಡಿಯುತ್ತೆ. ಆ ಎರಡು ಗಂಟೆ ಉಳಿಸಿಕೊಟ್ಟಿದ್ದು ಬೆನ್ನಿಗೆ ಬಿದ್ದ ಗಾಳಿ.

ಮೂರನೇದು ಮುಚ್ಚಿದ ಆಕಾಶ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾದ ಆಕಾಶ ಅಮೆರಿಕ, ಯುರೋಪಿನ ವಿಮಾನಗಳಿಗೆ ಮುಚ್ಚಿಹೋಯ್ತು. ಯುನೈಟೆಡ್ ಸಂಸ್ಥೆ 2020ರಲ್ಲೇ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ನೇರ ವಿಮಾನ ಘೋಷಿಸಿತ್ತು, ಅದು ಕೊನೆಗೂ ಹಾರಲಿಲ್ಲ. 2025ರ ಏಪ್ರಿಲ್ 24ರಿಂದ ಪಾಕಿಸ್ತಾನ ನಮ್ಮ ವಿಮಾನಗಳಿಗೆ ದಾರಿ ಮುಚ್ಚಿದಾಗ ದೆಹಲಿಯಿಂದ ಅಮೆರಿಕಕ್ಕೆ ಹೋಗೋ ಕೆಲವು ವಿಮಾನ ವಿಯೆನ್ನಾದಲ್ಲಿ ಇಳಿದು ಇಂಧನ ತುಂಬಿಕೊಳ್ಳಬೇಕಾಯ್ತು. ನಕಾಶೆಯಲ್ಲಿ ಊರು ಎಲ್ಲಿತ್ತೋ ಅಲ್ಲೇ ಇದೆ, ಪ್ರಯಾಣ ಮಾತ್ರ ಗಂಟೆಗಟ್ಟಲೆ ಹಿಗ್ಗಿತು.

ನೇರ ವಿಮಾನದ ಕಥೆ ಹೇಳದೆ ಬಿಟ್ಟರೆ ತಪ್ಪಾಗುತ್ತೆ. 2021ರ ಜನವರಿ 9ರಂದು ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಉತ್ತರ ಧ್ರುವದ ಮೇಲಿನ ದಾರಿ ಹಿಡಿದು, ನಮ್ಮ ಲೆಕ್ಕಕ್ಕೆ 11ನೇ ತಾರೀಖು ಬೆಳಗಿನ ಜಾವ ಬೆಂಗಳೂರಲ್ಲಿ ಇಳಿಯಿತು. ಚಾಲಕರ ಕೋಣೆಯಲ್ಲಿದ್ದವರೆಲ್ಲ ಹೆಣ್ಣುಮಕ್ಕಳು, ಮುಂದಾಳು ಕ್ಯಾಪ್ಟನ್ ಜೋಯಾ ಅಗರ್ವಾಲ್. ಹೆಚ್ಚುಕಡಿಮೆ 17 ಗಂಟೆ. ಆ ವಿಮಾನದ ಟ್ಯಾಂಕ್ ಪೂರ್ತಿ ತುಂಬಿದರೆ ಸುಮಾರು 1,81,000 ಲೀಟರ್, ಅಂದರೆ 145 ಟನ್ ಇಂಧನ. ಗರಿಷ್ಠ ತೂಕದ 347 ಟನ್‌ನಲ್ಲಿ ಐದರಲ್ಲಿ ಎರಡು ಭಾಗ ಬರೀ ಇಂಧನವೇ. ಕೊನೆಯ ಗಂಟೆಗೆ ಬೇಕಾದ ಇಂಧನವನ್ನ ಮೊದಲ ಹದಿನಾರು ಗಂಟೆ ಹೊತ್ತು ತಿರುಗಬೇಕು, ಆ ಹೊರೆಗೇ ಇನ್ನಷ್ಟು ಇಂಧನ ಬೇಕು. ಅದಕ್ಕೇ ಇಂಥ ಮಾರ್ಗ ನಡೆಸೋದು ಕಷ್ಟ. ಈ ಸೇವೆಯೂ ಮಧ್ಯೆ ನಿಂತು ಮತ್ತೆ ಶುರುವಾಗಿತ್ತು. ನಿಮ್ಮ ತಾರೀಖಿಗೆ ನೇರ ವಿಮಾನ ಇದೆ ಅಂತ ಅಂದುಕೊಂಡು ಯೋಜನೆ ಹಾಕಬೇಡಿ, ಮೊದಲು ನೋಡಿಕೊಳ್ಳಿ.

ಹೊಳೆದಂಡೆ, ಹರಿಹರ

ಬಹಳ ದಿನದಿಂದ ಕೇಳಬೇಕು ಅಂತಿದ್ದ ಪ್ರಶ್ನೆ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗ್ತೈತಲ್ಲ, ಹಂಗಾದ್ರೆ ಪಶ್ಚಿಮಕ್ಕೆ ಹೋಗೋ ವಿಮಾನಕ್ಕೆ ಊರೇ ಎದುರು ಬರಬೇಕಲ್ವಾ? ಅದು ಬೇಗ ಮುಟ್ಟಬೇಕಲ್ರೀ?

ಗಣಿತ ಮೇಷ್ಟ್ರು, ಚಿತ್ರದುರ್ಗ

ಒಳ್ಳೆ ಪ್ರಶ್ನೆ, ನನ್ನ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು. ನಮ್ಮ ಅಕ್ಷಾಂಶದಲ್ಲಿ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಆದರೆ ನೆಲದ ಜೊತೆ ಗಾಳಿಯೂ ಓಡುತ್ತಿದೆ, ನಿಲ್ದಾಣದಲ್ಲಿ ನಿಂತ ವಿಮಾನವೂ ಓಡುತ್ತಿದೆ. ಮೇಲೆದ್ದ ಕೂಡಲೇ ಆ ವೇಗ ಕಳಚಿ ಬೀಳುವುದಿಲ್ಲ. ಹಾಗಾಗಿ ನೆಲದ ತಿರುಗುವಿಕೆಯಿಂದ ನೇರವಾಗಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೂ ಭೂಮಿಯ ತಿರುಗುವಿಕೆಗೆ ಇಲ್ಲಿ ಪಾಲಿದೆ. ಸಮಭಾಜಕದ ಹತ್ತಿರ ಕಾದ ಗಾಳಿ ಮೇಲೆದ್ದು ಧ್ರುವದ ಕಡೆ ಹೊರಟಾಗ, ಭೂಮಿ ತಿರುಗುವುದರಿಂದಲೇ ಅದು ಪೂರ್ವಕ್ಕೆ ಬಾಗುತ್ತದೆ. ಜೆಟ್ ಸ್ಟ್ರೀಮ್ ಹುಟ್ಟುವುದು ಹಾಗೆ.

ಹೊಳೆದಂಡೆ, ಹರಿಹರ

ಈಗ ತಿಳೀತು ಸರ್. ಮಗಳಿಗೂ ಓದಿ ಹೇಳಿದೆ.

ಬೇ ಏರಿಯಾದಲ್ಲಿರೋ ದಾವಣಗೆರೆಯವಳು

ವಿದ್ಯಾನಗರದವರಿಗೆ ಉತ್ತರ. ನಾನಿರೋದೂ ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರವೇ. ನಮ್ಮತ್ತೆ ಮಾವ, ನಮ್ಮಪ್ಪ ಅಮ್ಮ ಎಲ್ಲರೂ ಬಂದುಹೋಗಿದ್ದಾರೆ. ಬೇರೆಬೇರೆ ದಾರೀಲಿ ಬಂದಿದ್ದಾರೆ, ಹಾಗಾಗಿ ನಾಲ್ಕು ಮಾತು.

ದುಬೈ ಮೇಲೆ ಬಂದರೆ ಬೆಂಗಳೂರು–ದುಬೈ 2,700 ಕಿ.ಮೀ., ನಾಲ್ಕು ಗಂಟೆ. ಅಲ್ಲಿಂದ ಇಲ್ಲಿಗೆ 13,000 ಕಿ.ಮೀ., ಹದಿನಾರು ಗಂಟೆಯ ಆಸುಪಾಸು. ಒಟ್ಟು 15,700. ಫ್ರಾಂಕ್‌ಫರ್ಟ್ ಮೇಲೆ 7,400 ಮತ್ತು 9,150, ಒಟ್ಟು 16,550. ಸಿಂಗಪುರದ ಮೇಲೆ 3,180 ಮತ್ತು 13,590, ಒಟ್ಟು 16,770. ಬರೀ ದೂರ ನೋಡಿದರೆ ದುಬೈ ಗೆದ್ದಿತು. ಆದರೆ ಸಿಂಗಪುರದಿಂದ ಇಲ್ಲಿಗೆ ಬರುವಾಗ ಗಾಳಿ ಬೆನ್ನಿಗೆ ಇರೋದರಿಂದ ಅಷ್ಟು ದೂರಕ್ಕೂ ಸುಮಾರು 15 ಗಂಟೆ ಸಾಕು. ಅದೇ ವಿಮಾನ ಸಿಂಗಪುರಕ್ಕೆ ವಾಪಸ್ ಹೋಗುವಾಗ 17 ಗಂಟೆ ಮುಟ್ಟುತ್ತೆ. ಹೋಗೋದಕ್ಕೂ ಬರೋದಕ್ಕೂ ಲೆಕ್ಕ ಬೇರೆ ಅಂತ ಕೇಳಿದ್ರಲ್ಲ, ಕಾರಣ ಇದೇ.

ಈಗ ನನ್ನ ಅಭಿಪ್ರಾಯ. ಕಿಲೋಮೀಟರ್ ಮರೆತುಬಿಡಿ. ವಯಸ್ಸಾದವರಿಗೆ ಮುಖ್ಯವಾದದ್ದು ಒಂದೇ ಸಲಕ್ಕೆ ಎಷ್ಟು ಹೊತ್ತು ಕೂರಬೇಕು ಅನ್ನೋದು. ದುಬೈ, ಸಿಂಗಪುರ ಎರಡರಲ್ಲೂ ಒಂದು ಚಿಕ್ಕ ಹಾರಾಟ, ಆಮೇಲೆ ಹದಿನೈದು ಹದಿನಾರು ಗಂಟೆ ಒಂದೇ ಸಮನೆ ಕೂರೋದು. ಫ್ರಾಂಕ್‌ಫರ್ಟ್‌ನಲ್ಲಿ ದಾರಿ ಹೆಚ್ಚುಕಡಿಮೆ ಅರ್ಧಕ್ಕೆ ಮುರಿಯುತ್ತೆ, ಹತ್ತು ಗಂಟೆ ಒಂದು ಸಲ, ಹನ್ನೊಂದೂವರೆ ಇನ್ನೊಂದು ಸಲ. ನಡುವೆ ಎದ್ದು ನಡೆದು, ಕಾಲು ಚಾಚಿ, ಊಟ ಮಾಡಬಹುದು. ಮಂಡಿನೋವಿರೋ ಅಮ್ಮನಿಗೆ ನಾನಾದರೆ ಅದನ್ನೇ ಆರಿಸ್ತೀನಿ, ಎರಡು ಗಂಟೆ ಜಾಸ್ತಿ ಹಿಡಿದರೂ ಸರಿ. ಅಮೆರಿಕದ ವೀಸಾ ಊರ್ಜಿತವಾಗಿದ್ದರೆ ಅಲ್ಲಿ ವಿಮಾನ ಬದಲಿಸೋದಕ್ಕೆ ಬೇರೆ ವೀಸಾ ಬೇಕಾಗಲ್ಲ.

ಒಂದು ಎಚ್ಚರಿಕೆ. ಅಗ್ಗ ಅಂತ ಎರಡು ಬೇರೆಬೇರೆ ಟಿಕೆಟ್ ತೆಗೆಯಬೇಡಿ. ಒಂದೇ ಟಿಕೆಟ್ ಆದರೆ ಮೊದಲ ವಿಮಾನ ತಡವಾಗಿ ಎರಡನೇದು ತಪ್ಪಿದರೆ ಮುಂದಿನದಕ್ಕೆ ಹತ್ತಿಸೋ ಹೊಣೆ ಅವರದು. ಚೀಲಗಳೂ ನೇರವಾಗಿ ಇಲ್ಲಿಗೇ ಬರ್ತವೆ. ಮತ್ತೆ ಒಂದು ಗಂಟೆ ಅಂತರದ ಬದಲಾವಣೆ ಬೇಡವೇ ಬೇಡ. ಮೂರು ಗಂಟೆ ಇರಲಿ.

ಆಕಾಶದಾರಿ

ದುಬೈ–ಸ್ಯಾನ್ ಫ್ರಾನ್ಸಿಸ್ಕೊ ದಾರದ ಗೆರೆ ಎಳೆದರೆ ಉತ್ತರ ಧ್ರುವದಿಂದ ಬರೀ 200 ಕಿ.ಮೀ. ದೂರದಲ್ಲಿ ಹಾದುಹೋಗುತ್ತೆ, ಮೇಷ್ಟ್ರ ಗ್ಲೋಬ್ ಇದ್ದವರು ಎಳೆದು ನೋಡಿ. ಇನ್ನೊಂದು ಮಾತು, ಕೊಲ್ಲಿ ದೇಶಗಳ ಮೇಲೆ ಹೋಗೋರು ಹೊರಡೋ ವಾರ ಸುದ್ದಿ ನೋಡ್ತಿರಿ. 2025ರ ಜೂನ್ 23ರಂದು ಕತಾರ್ ಕೆಲವು ಗಂಟೆ ತನ್ನ ಆಕಾಶ ಮುಚ್ಚಿದಾಗ ಎಷ್ಟೋ ವಿಮಾನಗಳು ದಾರಿ ಮಧ್ಯೆ ತಿರುಗಿದವು.

ವಿದ್ಯಾನಗರ, ದಾವಣಗೆರೆ

ಎಲ್ಲರಿಗೂ ಶರಣು. ಫ್ರಾಂಕ್‌ಫರ್ಟ್ ಮಾತು ಮನಸ್ಸಿಗೆ ಹಿಡಿಸಿತು. ಇನ್ನೊಂದು ಅನುಮಾನ. ಟಿಕೆಟ್‌ನಲ್ಲಿ ಹೊರಡೋ ದಿನಾನೇ ಮುಟ್ಟೋ ಥರ ತೋರಿಸುತ್ತೆ. ಅಪ್ಪ ಇದನ್ನ ನೋಡಿ "ಒಂದೇ ದಿನದಾಗೆ ಹೋಗ್ತೀವಲ್ಲ" ಅಂತಿದ್ದಾರೆ.

ಬೇ ಏರಿಯಾದಲ್ಲಿರೋ ದಾವಣಗೆರೆಯವಳು

ಟಿಕೆಟ್‌ನಲ್ಲಿ ಬರೆದಿರೋದು ಆಯಾ ಊರಿನ ಗಡಿಯಾರದ ಸಮಯ. ಮೇ ತಿಂಗಳಲ್ಲಿ ನಮ್ಮೂರು ಇಲ್ಲಿಗಿಂತ ಹನ್ನೆರಡೂವರೆ ಗಂಟೆ ಮುಂದೆ. ಚಳಿಗಾಲದಲ್ಲಿ ಹದಿಮೂರೂವರೆ, ಯಾಕಂದರೆ ನವೆಂಬರ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹಾಕ್ತಾರೆ, ಮಾರ್ಚ್ ಎರಡನೇ ಭಾನುವಾರ ಮುಂದೆ ಹಾಕ್ತಾರೆ. ಉದಾಹರಣೆಗೆ ಬೆಂಗಳೂರನ್ನ ಬೆಳಗಿನ ಜಾವ 3ಕ್ಕೆ ಬಿಟ್ಟು 24 ಗಂಟೆ ಪ್ರಯಾಣ ಮಾಡಿದರೆ ನಮ್ಮೂರಲ್ಲಿ ಮರುದಿನ ಬೆಳಗಿನ ಜಾವ 3. ಇಲ್ಲಿ ಅದು ಅದೇ ದಿನ ಮಧ್ಯಾಹ್ನ ಎರಡೂವರೆ. ಬರುವಾಗ ಉಲ್ಟಾ, ಸೋಮವಾರ ರಾತ್ರಿ ಹೊರಟರೆ ಬುಧವಾರ ಮುಟ್ಟೋದು. ಹಗಲು ರಾತ್ರಿ ಪೂರ್ತಿ ಅದಲುಬದಲು ಆಗೋದರಿಂದ ಮೊದಲ ವಾರ ಮಧ್ಯರಾತ್ರಿ ಹಸಿವು, ಮಧ್ಯಾಹ್ನ ನಿದ್ದೆ. ಬೆಳಗ್ಗೆ ಬಿಸಿಲಲ್ಲಿ ಓಡಾಡಿಸಿದರೆ ಬೇಗ ಸರಿಹೋಗುತ್ತೆ. ಹೆರಿಗೆಗೆ ಎರಡು ವಾರ ಮೊದಲೇ ಕಳಿಸಿ, ಅವರು ಸುಧಾರಿಸಿಕೊಂಡಿರಬೇಕಲ್ಲ.

ನರ್ಸ್, ನಿಟ್ಟುವಳ್ಳಿ

ಕೆಲಸದಲ್ಲಿ ಇಂಥ ಪ್ರಯಾಣಿಕರು ಸಲಹೆ ಕೇಳೋಕೆ ಬರ್ತಿರ್ತಾರೆ, ಹಾಗಾಗಿ ಹೇಳ್ತೀನಿ. ಬಹಳ ಹೊತ್ತು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಇರುತ್ತೆ. ಒಂದೆರಡು ಗಂಟೆಗೊಮ್ಮೆ ಎದ್ದು ನಡೀಬೇಕು, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸ್ತಿರಬೇಕು. ನಡುದಾರಿ ಪಕ್ಕದ ಸೀಟು ಕೇಳಿ ಪಡೀರಿ. ಬಿಗಿಯಾದ ಕಾಲುಚೀಲ ಬೇಕಾ ಅಂತ ಡಾಕ್ಟರ್ ಹತ್ತಿರ ಕೇಳಿ. ವಿಮಾನದೊಳಗಿನ ಗಾಳಿ ತುಂಬ ಒಣ, ತೇವಾಂಶ ಹತ್ತರಿಂದ ಇಪ್ಪತ್ತು ಶೇಕಡ ಅಷ್ಟೆ. ಬಾತ್‌ರೂಮಿಗೆ ಏಳಬೇಕಾಗುತ್ತೆ ಅಂತ ನೀರು ಕುಡಿಯದೆ ಕೂರೋರು ಬಹಳ ಜನ, ಹಾಗೆ ಮಾಡಬಾರದು.

ಅಪ್ಪ ಇನ್ಸುಲಿನ್ ತಗೊಳ್ತಿದ್ದರೆ ಅದು ಕೈಚೀಲದಲ್ಲೇ ಇರಲಿ. ಕೆಳಗೆ ಹಾಕೋ ಚೀಲದಲ್ಲಿ ಹೆಪ್ಪುಗಟ್ಟಿದರೆ ಔಷಧಿ ಕೆಡುತ್ತೆ, ಚೀಲ ತಡವಾದರೂ ಕಷ್ಟ. ಡಾಕ್ಟರ್ ಚೀಟಿ ಇಂಗ್ಲಿಷ್‌ನಲ್ಲಿ ಬರೆಸಿ ಜೊತೆಗಿಡಿ. ಹೊತ್ತು ಅದಲುಬದಲಾದಾಗ ಯಾವ ಡೋಸ್ ಯಾವಾಗ ಅನ್ನೋದನ್ನ ಡಾಕ್ಟರೇ ಬರೆದುಕೊಡಬೇಕು, ನೆಂಟರು ಹೇಳಿದ್ದು ಕೇಳಬೇಡಿ. ಟಿಕೆಟ್ ಮಾಡುವಾಗಲೇ ಇಬ್ಬರಿಗೂ ಗಾಲಿಕುರ್ಚಿ ನೆರವು ಕೇಳಿ, ಅದಕ್ಕೆ ದುಡ್ಡಿಲ್ಲ. ನಡೆಯೋಕೆ ಬರುತ್ತೆ ಅಂತ ಸಂಕೋಚ ಪಡೋದು ಬೇಡ. ಭಾಷೆ ಬಾರದ ದೊಡ್ಡ ನಿಲ್ದಾಣದಲ್ಲಿ ಸರಿಯಾದ ಗೇಟಿಗೆ ಮುಟ್ಟಿಸೋ ಒಬ್ಬ ಮನುಷ್ಯ ಸಿಗ್ತಾನೆ, ಅದೇ ದೊಡ್ಡ ಧೈರ್ಯ.

ಕೋಟೆ ರಸ್ತೆ

ಎಲ್ಲರೂ ವಿಮಾನದ ಗಂಟೆ ಲೆಕ್ಕ ಹಾಕ್ತಿದ್ದೀರಿ. ದಾವಣಗೆರೆಯಿಂದ ದೇವನಹಳ್ಳಿ ಗೆರೆ ಎಳೆದರೆ 240 ಕಿ.ಮೀ., ರಸ್ತೆಯಲ್ಲಿ 280 ಹತ್ತಿರ. ಅದಕ್ಕೇ ಐದು ಗಂಟೆ ಬೇಕು. ನಮ್ಮ ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಚಾಲಕರಹಿತ ವಿಮಾನ ಪರೀಕ್ಷೆ ಮಾಡೋ ರನ್‌ವೇ ಇದೆ, 2017ರಲ್ಲಿ ಉದ್ಘಾಟನೆ ಆಯ್ತು. ಜನ ಹತ್ತೋ ವಿಮಾನ ಮಾತ್ರ ಎರಡು ಜಿಲ್ಲೆಯಲ್ಲೂ ಇಲ್ಲ. ಈ ಐದು ಗಂಟೆಯನ್ನೂ ಪ್ರಯಾಣದ ಸಮಯ ಅಂತಲೇ ಎಣಿಸಬೇಕು ಅನ್ನೋದು ನನ್ನ ವಾದ.

ವಿದ್ಯಾನಗರ, ದಾವಣಗೆರೆ

ಶಿವಮೊಗ್ಗದಿಂದ ಬೆಂಗಳೂರಿಗೆ ವಿಮಾನ ಇದೆಯಲ್ಲ, ಆ ನಿಲ್ದಾಣ ಇರೋ ಸೋಗಾನೆ ಇಲ್ಲಿಂದ 90 ಕಿ.ಮೀ. ಅಷ್ಟೆ. ಅದರಲ್ಲಿ ಹೋದರೆ ಉಳಿಯುತ್ತಾ?

ಆಕಾಶದಾರಿ

ಶಿವಮೊಗ್ಗ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯ್ತು, ಆಗಸ್ಟ್ 31ರಿಂದ ಬೆಂಗಳೂರಿಗೆ ವಿಮಾನ ಶುರುವಾಯ್ತು. ಹಾರಾಟ ಒಂದು ಗಂಟೆಯ ಒಳಗೆ. ಆದರೆ ಎರಡು ಗಂಟೆ ರಸ್ತೆ, ಒಂದೂವರೆ ಗಂಟೆ ಮೊದಲೇ ನಿಲ್ದಾಣ, ಬೆಂಗಳೂರಲ್ಲಿ ಇಳಿದು ಮತ್ತೆ ಚೀಲ ತಗೊಂಡು ಅಂತರರಾಷ್ಟ್ರೀಯ ಟರ್ಮಿನಲ್‌ಗೆ ಹೋಗೋದು. ಒಟ್ಟು ಅದೇ ಐದು ಗಂಟೆ. ಟಿಕೆಟ್ ಬೇರೆ ಆದ್ದರಿಂದ ಅದು ರದ್ದಾದರೆ ಮುಂದಿನದೂ ಹೋಯ್ತು. ಈ ಸಲಕ್ಕೆ ಬೇಡ.

ಬೇ ಏರಿಯಾದಲ್ಲಿರೋ ದಾವಣಗೆರೆಯವಳು

ನಾವು ಮಾಡೋದು ಹೀಗೆ. ಯುರೋಪ್ ವಿಮಾನಗಳು ಹೆಚ್ಚಾಗಿ ಬೆಳಗಿನ ಜಾವ ಹೊರಡ್ತವೆ. ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು, ಅಂದರೆ ನಡುರಾತ್ರಿ. ಊರಿಂದ ಕಾರಲ್ಲಿ ನೇರ ಹೋದರೆ ಬೆಳಗ್ಗೆಯಿಂದ ಎದ್ದಿದ್ದವರು ಸಂಜೆ ಐದು ಗಂಟೆ ಕೂತು, ಅದೇ ದಣಿವಲ್ಲಿ ವಿಮಾನ ಹತ್ತಬೇಕು. ಅದರ ಬದಲು ಹಿಂದಿನ ದಿನ ಬೆಳಗ್ಗೆಯೇ ಹೊರಡಿಸಿ. ರೈಲಾದರೆ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತೆ, ಬೆಂಗಳೂರಿಗೆ ನಾಲ್ಕು ಗಂಟೆ. ಆದರೆ ಅಲ್ಲಿಂದ ದೇವನಹಳ್ಳಿಗೆ ಚೀಲ ಹೊತ್ತು ಊರು ದಾಟಬೇಕು. ದೊಡ್ಡ ಚೀಲ ನಾಲ್ಕಿದ್ದರೆ ಕಾರೇ ಮೇಲು. ಚಿತ್ರದುರ್ಗ, ಹಿರಿಯೂರು, ಸಿರಾ, ತುಮಕೂರು ದಾಟಿ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಿ, ಬೆಂಗಳೂರಿನ ಒಳಗೆ ಹೋಗೋದೇ ಬೇಡ. ಹಿರಿಯೂರಲ್ಲಿ ಅರ್ಧ ಗಂಟೆ ಇಳಿದು ನಡೀಲಿ. ಮಧ್ಯಾಹ್ನ ದೇವನಹಳ್ಳಿಯಲ್ಲಿ ರೂಮು ಮಾಡಿ ಮಲಗಿಸಿ, ರಾತ್ರಿ ಹನ್ನೆರಡಕ್ಕೆ ನಿಲ್ದಾಣಕ್ಕೆ ಬಿಡಿ.

ವಿದ್ಯಾನಗರ, ದಾವಣಗೆರೆ

ಹಾಗೇ ಮಾಡ್ತೀವಿ. ಫ್ರಾಂಕ್‌ಫರ್ಟ್ ಮೇಲೆ, ನಡುವೆ ಮೂರೂಕಾಲು ಗಂಟೆ ಇರೋ ಒಂದೇ ಟಿಕೆಟ್ ಸಿಕ್ಕಿದೆ, ಮನೆ ಬಾಗಿಲಿಂದ ಅಕ್ಕನ ಮನೆ ಬಾಗಿಲಿಗೆ ಲೆಕ್ಕ ಹಾಕಿದರೆ ಸುಮಾರು 45 ಗಂಟೆ. ಗಾಲಿಕುರ್ಚಿ ಇಬ್ಬರಿಗೂ ಕೇಳಿದೀನಿ. ಗುರುವಾರ ಡಾಕ್ಟರ್ ಹತ್ತಿರ ಅಪ್ಪನ ಔಷಧಿ ಹೊತ್ತು ಬರೆಸಿಕೊಂಡು ಬರ್ತೀವಿ. ಮೇಷ್ಟ್ರೇ, ಅಪ್ಪನಿಗೆ ನಿಮ್ಮ ದಾರದ ಲೆಕ್ಕ ತೋರಿಸೋಕೆ ಗ್ಲೋಬ್ ಬೇಕಿತ್ತು, ದಾವಣಗೆರೆಯಲ್ಲಿ ದೊಡ್ಡದು ಎಲ್ಲಿ ಸಿಗುತ್ತೆ?

ಗಣಿತ ಮೇಷ್ಟ್ರು, ಚಿತ್ರದುರ್ಗ

ದೊಡ್ಡದೇ ಬೇಕೆಂದಿಲ್ಲ, ಪುಸ್ತಕದಂಗಡಿಯಲ್ಲಿ ಸಿಗುವ ಎಂಟು ಇಂಚಿನದು ಸಾಕು. ದಾರ ಮಾತ್ರ ಹಿಗ್ಗದ ನೂಲಿನದಾಗಿರಲಿ. ಸಮಭಾಜಕದ ಸುತ್ತ ಒಮ್ಮೆ ಸುತ್ತಿ ಆ ಉದ್ದವನ್ನು 40,000 ಕಿ.ಮೀ. ಅಂತ ಗುರುತು ಹಾಕಿಕೊಳ್ಳಿ, ಆಮೇಲೆ ಯಾವ ಎರಡು ಊರಿನ ದೂರ ಬೇಕಾದರೂ ಅದರಲ್ಲೇ ಅಳೆಯಬಹುದು.